ಏನೋ ಕಾಣ್ತದೆ

ನಿಜವಾದ ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು, ಕಣ್ಣಿಗೆ ಹಾಕಿದ್ದ ಲೆನ್ಸನ್ನು ತೆಗೆದು ಬೇರೆ ಹಾಕಬೇಕಾಗಬಹುದು ಅಂತ ಡಾಕ್ಟರು ಹೇಳಿದ ದಿನ. ಅದಕ್ಕೆ ಮುಂಚೆ ನಾನೇನೂ ಧೈರ್ಯವಂತೆಯಲ್ಲ. ಹಲ್ಲಿ ಲೊಚಗುಟ್ಟಿದರೆ ಹೆದರ್ತೀನಿ. ಹೊತ್ತಲ್ಲದ ಹೊತ್ತಲ್ಲಿ ಫೋನು ಬಡಕೊಂಡರೆ ಹೆದರ್ತೀನಿ. ನಮ್ಮನೆಯವರು ತೋಟದ ಮೋಟರ್ ಸ್ವಿಚ್ಚು ಹಾಕೋಕೆ ಹೋದರೆ ವಾಪಸ್ಸು ಬರೋ ತನಕ ಬಾಗಿಲಲ್ಲೇ ನಿಂತಿರ್ತೀನಿ. ಆದರೆ ಅದೆಲ್ಲ ಬಾಯಿ ಮಾಡಿಕೊಂಡು, ಬೈದುಕೊಂಡು ಹೆದರೋ ಹೆದರಿಕೆ. ಅವತ್ತು ಬಂದದ್ದು ಬಾಯಲ್ಲಿ ಎಂಜಲೂ ಇಲ್ಲದ ಹಾಗೆ ಮಾಡೋ ಹೆದರಿಕೆ.

"ಒಳಗೆ ನೋಡಿದರೆ ಎಲ್ಲ ಸರಿಯಾಗಿದೆ ಅಮ್ಮ. ಆದರೆ ನಿಮಗೆ ಸಮಾಧಾನ ಇಲ್ಲ. ಈ ಲೆನ್ಸು ನಿಮಗೆ ಒಗ್ಗಿಲ್ಲ ಅನ್ನಿಸುತ್ತೆ" ಅಂದರು ಡಾಕ್ಟರು. "ತೆಗೆಯೋದಾದರೆ ಬೇಗ ತೆಗೀಬೇಕು. ತಡ ಮಾಡಿದಷ್ಟೂ ಒಳಗೆ ಅಂಟಿಕೊಂಡುಬಿಡುತ್ತೆ. ಮೊದಲನೇ ಆಪರೇಷನ್ನಿನಷ್ಟು ಸಲೀಸಲ್ಲ, ಅಪಾಯ ಸ್ವಲ್ಪ ಜಾಸ್ತಿ, ಅದನ್ನು ಮುಚ್ಚಿಡೋಲ್ಲ. ಹಾಗಂತ ಗಾಬರಿಯಾಗಬೇಡಿ. ಎಡಗಣ್ಣು ಹೇಗೂ ಇದೆಯಲ್ಲ."

ಎಡಗಣ್ಣು ಎಲ್ಲಿತ್ತು? ಮುಖದ ಮೇಲೆ ಇತ್ತು, ಅಷ್ಟೇ. ಬಲಗಣ್ಣಿನ ಪೊರೆ ತೆಗೆದು ಲೆನ್ಸು ಹಾಕಿದ ಕೆಲವೇ ತಿಂಗಳಲ್ಲಿ ಇದರ ಪೊರೆ ದಡದಡ ಅಂತ ಬಲಿತುಬಿಟ್ಟಿತ್ತು. ಬಲಗಣ್ಣು ಮುಚ್ಚಿಕೊಂಡರೆ ಎದುರಿಗೆ ನಿಂತಿರೋರು ಗಂಡಸೋ ಹೆಂಗಸೋ ಗೊತ್ತಾಗ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು, ಡಾಕ್ಟರಿಗೂ ಹೇಳಿರಲಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಅಂದರೆ ಬಲಗಣ್ಣನ್ನ ಎರಡನೇ ಸಲ ಬಿಚ್ಚಿ, ಅದೇನಾದರೂ ಹೆಚ್ಚುಕಮ್ಮಿ ಆದರೆ ನಾನು ಕುರುಡಿ. ಇನ್ನೊಂದು ಮಾತೂ ನನಗೊಬ್ಬಳಿಗೇ ಗೊತ್ತಿತ್ತು: ಬಲಗಣ್ಣಿಗೆ ಏನೂ ಆಗಿರಲಿಲ್ಲ. ಅದು ಚಿನ್ನದಂಗೆ ಕಾಣ್ತಿತ್ತು.

ಹಾಗಾದರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ ಅಂತೀರಿ. ಹೇಳ್ತೀನಿ ಇರಿ.

ನಮ್ಮದು ವಿರೂಪಾಕ್ಷಿಪುರದ ಕಡೆ ಹಳ್ಳಿ. ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂಗೆ ರೇಷ್ಮೆ ಹುಳದ ಮನೆ. ತವರಲ್ಲೂ ಹುಳ, ಗಂಡನ ಮನೆಯಲ್ಲೂ ಹುಳ. ಹುಳ ಮೇಯಿಸೋರ ಮನೆಯಲ್ಲಿ ಒಂದು ಕಟ್ಟುಪಾಡು ಐತೆ. ಯಾರಾದರೂ "ಹುಳ ಹೆಂಗವೆ?" ಅಂತ ಕೇಳಿದರೆ, ಎಷ್ಟೇ ಚೆನ್ನಾಗಿರಲಿ, "ಚೆನ್ನಾಗವೆ" ಅನ್ನೋ ಹಂಗಿಲ್ಲ. "ಅವೆ, ಏನೋ" ಅನ್ನಬೇಕು. "ಸುಮಾರು" ಅನ್ನಬೇಕು. ಗೂಡು ಕಟ್ಟಿ, ಬಿಡಿಸಿ, ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜು ಮುಗಿಯೋ ತನಕ ಒಳ್ಳೇ ಮಾತು ಬಾಯಿಂದ ಹೊರಡಕೂಡದು. ಗೂಡು ಬಿಡಿಸುವಾಗಲೂ ನಮ್ಮವ್ವ ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಯ ಮೂಲೆಯಲ್ಲಿ ಒಂದೆರಡು ಗೂಡು ಹಂಗೇ ಬಿಡೋಳು. ಪೂರ್ತಿ ಬಳಿದುಕೊಂಡೆ ಅನ್ನಿಸಬಾರದಂತೆ.

ಅವ್ವ ಸುಮ್ಮನೆ ಹಂಗಾದವಳಲ್ಲ. ನಾನು ಚಿಕ್ಕವಳಿದ್ದಾಗ ಗುಡೇಮಾರನಹಳ್ಳಿಯಿಂದ ಅವ್ವನ ಸೋದರತ್ತೆ ಬಂದಿದ್ದಳು. ಹುಳ ಕೊನೇ ಜ್ವರ ಎದ್ದು, ಅಂದರೆ ಕೊನೇ ಸಲ ಚರ್ಮ ಕಳಚಿ, ಸೊಪ್ಪು ಮೇಯೋ ಹೊತ್ತು. ತಟ್ಟೆ ತಟ್ಟೆಯಲ್ಲೂ ಬೆರಳು ದಪ್ಪ ಹುಳ, ಹುಳದ ಮನೆ ತುಂಬ ಮಳೆ ಬಿದ್ದಂಗೆ ಸೊಪ್ಪು ಕಡಿಯೋ ಸದ್ದು. ಅವ್ವನಿಗೆ ಹಿಗ್ಗು ತಡೀಲಿಲ್ಲ. "ನೋಡತ್ತೆ, ಈ ಸಲ ಹೆಂಗೆ ಬೆಳ್ದವೆ, ಬಂಗಾರ ಕಣತ್ತೆ ಬಂಗಾರ" ಅಂದುಬಿಟ್ಟಳು. ಮಾರನೇ ದಿನ ಬೆಳಿಗ್ಗೆ ಸದ್ದೇ ಇಲ್ಲ. ಸಪ್ಪೆ ರೋಗ. ಮುಟ್ಟಿದರೆ ಒಡೆದು ನೀರಾಗೋ ಹುಳಗಳನ್ನ ಅವ್ವ ಮಂಕರಿಯಲ್ಲಿ ತುಂಬಿ ತುಂಬಿ ಗುಂಡಿಗೆ ಹೊತ್ತಳು. ಆ ನಾತ ನನ್ನ ಮೂಗಲ್ಲಿ ಇವತ್ತಿಗೂ ಐತೆ. ಹುಳಕ್ಕೆ ರೋಗ ಬರೋದು ಒದ್ದೆ ಸೊಪ್ಪಿನಿಂದ, ಸೆಕೆಯಿಂದ ಅಂತ ರೇಷ್ಮೆ ಇಲಾಖೆಯವರು ಹೇಳ್ತಾರೆ, ನನಗೂ ಗೊತ್ತು. ಆದರೂ ಅವತ್ತು ಅವ್ವನ ಬಾಯಿ ಮುಚ್ಚಿದ್ದು ಮುಚ್ಚಿದ್ದೇ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ "ಏನೋ ಆದ್ಲು" ಅಂದಳು. ಮದುವೆ ದಿನ ನೆಂಟರು ಗಂಡು ಹೆಂಗವ್ನೆ ಅಂತ ಕೇಳಿದರೆ, "ಅವ್ನೆ, ಪರವಾಗಿಲ್ಲ" ಅಂದಳಂತೆ. ನಮ್ಮನೆಯವರು ಅದನ್ನ ಇವತ್ತಿಗೂ ಎತ್ತಿ ಎತ್ತಿ ಆಡ್ತಾರೆ.

ನಾನೂ ಅದೇ ಅಚ್ಚು. ನನಗೆ ಪೊರೆ ಬಂದದ್ದು ಗೊತ್ತಾಗಿದ್ದೂ ಹುಳದಿಂದಲೇ. ಹಣ್ಣಾದ ಹುಳ ಬೆಳಕಿಗೆ ಹಿಡಿದರೆ ಜೇನಿನ ಬಣ್ಣಕ್ಕೆ ತಿರುಗಿರ್ತದೆ, ಅಂಥವನ್ನ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು. ನನ್ನ ಕಣ್ಣಿಗೆ ಎಲ್ಲ ಹುಳವೂ ಹಣ್ಣಾದಂಗೇ ಕಾಣೋಕೆ ಶುರುವಾಯ್ತು. ಹಸೀ ಹುಳ ತಗೊಂಡು ಬಿಟ್ಟರೆ ಅವು ಗೂಡು ಎಲ್ಲಿ ಕಟ್ಟಾವು? "ಏನಮ್ಮಿ, ಎಲ್ಲಾ ಜೊಳ್ಳು ಗೂಡು ಮಾಡ್ಬುಟ್ಟೆ" ಅಂತ ನಮ್ಮನೆಯವರು ಬೈದು, ರಾಮನಗರದ ಹೆದ್ದಾರಿ ಪಕ್ಕದ ಕಣ್ಣಾಸ್ಪತ್ರೆಗೆ ಕರಕೊಂಡು ಹೋದರು. ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಿನದು ಪೂರಾ ಬಲಿತದೆ, ಎಡಗಣ್ಣಿನದು ಇನ್ನೂ ಎಳೇದು ಅಂದರು.

ಅಲ್ಲೇ ಆ ಸಂಶೋಧನೆಯ ವಿಷಯ ಬಂದದ್ದು. ಪೊರೆ ತೆಗೆದು ಒಳಗೆ ಕೂರಿಸೋ ಲೆನ್ಸಿನಲ್ಲಿ ಎರಡು ಥರ ಐತಂತೆ. ಒಂದು ಎಲ್ಲರಿಗೂ ಹಾಕೋದು, ದೂರದ್ದು ಚೆನ್ನಾಗಿ ತೋರಿಸ್ತದೆ, ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕು. ಇನ್ನೊಂದು ಈಚೆಗೆ ಬಂದದ್ದು, ಕೈಯಳತೆಯಲ್ಲಿರೋದನ್ನೂ ತೋರಿಸ್ತದಂತೆ, ಆದರೆ ಕೆಲವರಿಗೆ ದೀಪದ ಸುತ್ತ ಬಳೆ ಬಳೆ ಕಾಣ್ತದಂತೆ. ಎರಡೂ ಒಳ್ಳೇವೇ. ನಮ್ಮಂಗೆ ಕೈಕೆಲಸ ಮಾಡೋರಿಗೆ ಯಾವುದು ಹೆಚ್ಚು ಅನುಕೂಲ ಅಂತ ನೋಡೋದೇ ಅವರ ಅಧ್ಯಯನ. ಯಾರಿಗೆ ಯಾವುದು ಅಂತ ಕಂಪ್ಯೂಟರು ಆರಿಸ್ತದೆ, ಅದು ಅಂಟಿಸಿದ ಲಕೋಟೆಯಲ್ಲಿರ್ತದೆ, ಆಪರೇಷನ್ ಮಾಡೋ ಡಾಕ್ಟರು ಮೇಜಿನ ಹತ್ತಿರವೇ ಅದನ್ನ ಒಡೀತಾರೆ. ನಮಗೆ ಹೇಳೋಲ್ಲ. ಆಮೇಲೆ ನಮ್ಮನ್ನ ಕೂರಿಸಿಕೊಂಡು ಪ್ರಶ್ನೆ ಕೇಳೋ ಮೇಡಮ್ಮಿಗೂ ಹೇಳೋಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲ್ತದಂತೆ.

ಊರಲ್ಲಿ ಹೇಳಿದ್ದೇ ತಡ, ಪಕ್ಕದ ಮನೆ ಓರಗಿತ್ತಿ ಎದೆ ಬಡಕೊಂಡಳು. "ಅಯ್ಯೋ ನಿನ್ನ! ಇಲಿಗೆ ಮಾಡ್ದಂಗೆ ನಿಂಗೆ ಮಾಡ್ತಾರೆ ಕಣೇ." ಎರಡು ದಿನ ಅನ್ನ ಸೇರಲಿಲ್ಲ. ಬೇಡ ಅಂದುಬಿಡೋಣ ಅಂತಲೇ ಹೋದೆ. ಆದರೆ ಆ ಮೇಡಂ ಬೇಡ ಅಂದರೂ ಆಪರೇಷನ್ನು ಹಂಗೇ ಮಾಡ್ತೀವಿ, ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಅಂತ ನಿಧಾನಕ್ಕೆ ಬಿಡಿಸಿ ಹೇಳಿದಳು. ಅಷ್ಟು ಮರ್ಯಾದೆಯಿಂದ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ. ಒಪ್ಪಿಕೊಂಡೆ.

ಆಪರೇಷನ್ನಿನ ದಿನ ಮುಖಕ್ಕೆ ಹಸಿರು ಬಟ್ಟೆ ಹೊದಿಸಿ ಕಣ್ಣು ಮಾತ್ರ ಹೊರಗೆ ಬಿಟ್ಟರು. ನೋವಿಲ್ಲ, ಎಚ್ಚರ ಮಾತ್ರ ಪೂರ್ತಿ ಐತೆ. ತಲೆ ಮೇಲೆ ಪರ್‌ರ್ ಅಂತ ಕಾಗದ ಹರಿದ ಸದ್ದು. ಲಕೋಟೆ! ಡಾಕ್ಟರು ಓದಿಕೊಂಡು "ಹೂಂ" ಅಂದರು. ಆ "ಹೂಂ" ಒಳ್ಳೇದೋ ಕೆಟ್ಟದ್ದೋ? ಕಬ್ಬಾಳಮ್ಮ, ತಾಯಿ, ಒಳ್ಳೇದು ಬರಲಿ ಅಂತ ನಾನು ಬಟ್ಟೆಯೊಳಗೇ ಹಲ್ಲು ಕಚ್ಚಿದೆ. ಬೆಳಕು ನೋಡಿ ಅಂದರು, ನೋಡಿದೆ. ನೀರಿನೊಳಗಿಂದ ಸೂರ್ಯನ್ನ ನೋಡಿದಂಗಿತ್ತು.

ಪಟ್ಟಿ ಬಿಚ್ಚಿದ ದಿನ ಕಂಡದ್ದನ್ನ ಹೆಂಗೆ ಹೇಳಲಿ. ಆಸ್ಪತ್ರೆ ಗೋಡೆ ಹಳದಿ ಅಂದುಕೊಂಡಿದ್ದೆ, ಬೆಳ್ಳಗಿತ್ತು. ನಮ್ಮನೆಯವರ ಅಂಗಿ ಬೂದಿ ಬಣ್ಣ ಅಂದುಕೊಂಡಿದ್ದೆ, ಆಕಾಶದ ನೀಲಿ. ಹುಳದ ಮನೆಗೆ ಹೋಗಬಹುದು ಅಂತ ಅಪ್ಪಣೆ ಸಿಕ್ಕಿದ ಮೇಲೆ ಹೋಗಿ ಬಗ್ಗಿದರೆ, ಸೊಪ್ಪಿನ ಅಂಚು ಹಿಡಕೊಂಡು ತಲೆ ಮೇಲೆ ಕೆಳಗೆ ಆಡಿಸ್ತಾ ಕಡಿಯೋ ಹುಳದ ಬಾಯಿ ಕಾಣ್ತು. ಬಾಯಿ! ಎಷ್ಟು ವರ್ಷವಾಗಿತ್ತೋ ನೋಡಿ. ಖುಷಿಗೆ ಕಣ್ಣಲ್ಲಿ ನೀರು ಬಂತು. ಅದರ ಬೆನ್ನಿಗೇ ಹೆದರಿಕೆಯೂ ಬಂತು. ಇಷ್ಟು ಚೆನ್ನಾಗಿ ಕಾಣ್ತದಲ್ಲ, ಇದು ಉಳೀತದಾ? ಅವತ್ತಿಂದ ಚೆನ್ನಾಗಿ ಕಂಡಷ್ಟೂ ನನಗೆ ಹೆದರಿಕೆ ಜಾಸ್ತಿ.

ಅಧ್ಯಯನಕ್ಕೆ ಅಂತ ಆಗಾಗ ಕರೀತಿದ್ದರು. ಮೇಡಂ ನಗುಮುಖದಲ್ಲಿ ಕೂತು ಕೇಳೋಳು.

"ದೂರದ್ದು ಹೇಗೆ ಕಾಣುತ್ತೆ ಅಮ್ಮ?"

"ಏನೋ ಕಾಣ್ತದೆ."

"ಹತ್ತಿರದ ಕೆಲಸ?"

"ಸುಮಾರು."

"ದೀಪದ ಸುತ್ತ ಬಳೆ ಥರ ಕಾಣುತ್ತಾ?"

ಒಂದು ಬಳೆಯೂ ಇರಲಿಲ್ಲ. ಇಲ್ಲವೇ ಇಲ್ಲ ಅಂದುಬಿಟ್ಟರೆ ಜಂಬ ಕೊಚ್ಚಿಕೊಂಡಂಗಾಗ್ತದೆ. "ಒಸಿ ಒಸಿ" ಅಂದೆ.

"ಒಟ್ಟಿನಲ್ಲಿ ಕಣ್ಣು?"

"ಐತೆ, ಏನೋ."

ಅಕ್ಷರದ ಬೋರ್ಡಿನ ಮುಂದೆ ಕೂರಿಸಿ, ಎಡಗಣ್ಣಿಗೆ ಅಡ್ಡ ಹಿಡಿದು ಓದಿಸೋರು. ಮೇಲಿಂದ ದೊಡ್ಡಕ್ಷರ ಓದಿಕೊಂಡು ಬರ್ತಿದ್ದೆ, ಕೆಳಗಿನ ಎರಡು ಸಾಲಿಗೆ ಬಂದಾಗ ನಿಲ್ಲಿಸಿಬಿಡ್ತಿದ್ದೆ. ಕಾಣ್ತಿತ್ತು ಸ್ವಾಮಿ, ಸಾಲು ಪೂರ್ತಿ ಕಾಣ್ತಿತ್ತು. ಆದರೆ ಕೊನೇ ಸಾಲು ಬಳಿದು ಓದಿಬಿಡೋಕೆ ಧೈರ್ಯವಿಲ್ಲ. ಮೂಲೆಯಲ್ಲಿ ಎರಡು ಗೂಡು ಬಿಡಬೇಡವಾ? ಎಡಗಣ್ಣಿನ ಬಗ್ಗೆ ಕೇಳಿದಾಗಲೂ "ಅದೂ ಏನೋ" ಅಂತಿದ್ದೆ. ಅವರ ಲೆಕ್ಕವೆಲ್ಲ ಬಲಗಣ್ಣಿನದು, ಎಡಗಣ್ಣನ್ನ ಕೆದಕೋಕೆ ಹೋಗಲಿಲ್ಲ. ಅದರಲ್ಲಿ ಕತ್ತಲಾಗ್ತಾ ಬಂದದ್ದನ್ನ ನಾನೂ ಹೇಳಲಿಲ್ಲ. ಒಳ್ಳೇದು ಹೇಳಿದರೆ ಹೋಗ್ತದೆ ಅನ್ನೋ ಬಾಯಿಗೆ, ಕೆಟ್ಟದ್ದು ಹೇಳಿದರೆ ನಿಂತುಬಿಡ್ತದೆ ಅನ್ನೋ ಭಯವೂ ಇರ್ತದೆ.

ಪಾಪ, ಅವರೇನು ಮಾಡ್ತಾರೆ. ನಾನು ಹೇಳಿದ್ದನ್ನೇ ನಂಬಿದರು. ಈ ಹೆಂಗಸಿಗೆ ದೂರದ್ದೂ ಅಷ್ಟಕ್ಕಷ್ಟೇ, ಹತ್ತಿರದ್ದೂ ಅಷ್ಟಕ್ಕಷ್ಟೇ, ಬಳೆ ಬೇರೆ ಕಾಣ್ತವೆ ಅಂತ ತಲೆ ಕೆಡಿಸಿಕೊಂಡು, ಮತ್ತೆ ಮತ್ತೆ ಫೋಟೋ ತೆಗೆದು, ಕೊನೆಗೆ ಬಂದು ನಿಂತದ್ದು ಲೆನ್ಸು ತೆಗೆಯೋ ಮಾತಿಗೆ.

ಆಸ್ಪತ್ರೆಯಿಂದ ಹೊರಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ನಿಂತರು.

"ಯಾಕಂತೆ? ನೆನ್ನೆ ನನ್ ಕಿವೀಲಿರೋ ಬಿಳೀ ಕೂದ್ಲು ಹಿಡಿದು ಎಳೆದ್ಯಲ್ಲ! ಚೆನ್ನಾಗೇ ಕಾಣ್ತ..."

"ಬಾಯ್ ಮುಚ್ಕೊಳ್ರಿ!" ಬಸ್‌ಸ್ಟ್ಯಾಂಡಿನಲ್ಲಿ ಜನ ತಿರುಗಿ ನೋಡಿದರು. "ಆ ಮಾತು ಅಂದ್ಬುಟ್ರೆ ನೋಡಿ ಮತ್ತೆ!"

ಅವರು ಸುಮ್ಮನಾದರು. ಅವರೂ ಹುಳದ ಮನೆಯವರೇ ಅಲ್ಲವಾ.

ಆಪರೇಷನ್ನಿಗೆ ಕೊಟ್ಟ ದಿನ ಬರೋ ತನಕ ನಾನು ಬದುಕಿದ್ದು ಹೆಂಗೆ ಅಂತ ನನಗೇ ಗೊತ್ತು. ಒಗ್ಗರಣೆಗೆ ಎಣ್ಣೆ ಕಾಯೋಕೆ ಇಟ್ಟು ಮರೆತು ಹೊಗೆ ಎಬ್ಬಿಸಿದೆ. ತೋಟದಲ್ಲಿ ನಿಂತು ಕಣ್ಣು ಎರಡೂ ಮುಚ್ಚಿ, ಹಿಂಗೇ ಆದರೆ ಮನೆ ದಾರಿ ಹಿಡೀತೀನಾ ಅಂತ ನೋಡಿದೆ, ಬದುವಿಗೆ ಎಡವಿ ಬಿದ್ದೆ. ಡಾಕ್ಟರಿಗೆ ಚೆನ್ನಾಗಿ ಕಾಣ್ತದೆ ಅಂತ ಒಂದು ಮಾತು ಹೇಳಿದರೆ ಕತ್ತಿ ತಪ್ತದೆ. ಆದರೆ ಹೇಳಿದರೆ ಕಣ್ಣೇ ಹೋಗ್ತದೆ. ಹುಚ್ಚು ಅಂತ ಗೊತ್ತು. ಗೊತ್ತಿದ್ದರೆ ಹೆದರಿಕೆ ಹೋಗ್ತದಾ? ಈ ಕಡೆಗೆ ಹೆದರೋದು, ಆ ಕಡೆಗೆ ಹೆದರೋದು, ಮಧ್ಯೆ ಸೊಪ್ಪು ಕೊಯ್ಯೋದು.

ಆ ದಿನ ಬಂತು. ಆಸ್ಪತ್ರೆಯ ಒಳಕೋಣೆಯಲ್ಲಿ ನೀಲಿ ಗೌನು ತೊಡಿಸಿ, ತಲೆಗೆ ಟೋಪಿ ಹಾಕಿ ಕೂರಿಸಿದರು. ನಮ್ಮನೆಯವರು ಹೊರಗೆ ಉಳಿದರು. ಕಣ್ಣಿಗೆ ಔಷಧಿ ಬಿಡೋಕೆ ಮುಂಚೆ ಕೊನೇ ಸಲ ನೋಡಿಬಿಡ್ತೀನಿ ಅಂತ ಡಾಕ್ಟರೇ ಬಂದರು. ಮೇಡಂ ಪಕ್ಕದಲ್ಲಿ ನಿಂತಿದ್ದಳು. ನನ್ನ ಕೈ ಹಿಡಿದುಕೊಂಡಳು.

"ಅಮ್ಮ, ಇನ್ನೊಂದು ಸಲ ಕೇಳ್ತೀನಿ" ಅಂದರು ಡಾಕ್ಟರು. "ಹೇಗೆ ಕಾಣುತ್ತೆ?"

"ಏನೋ..." ಅಂದೆ.

ಅವರು ಸುಸ್ತಾದವರಂಗೆ ಕನ್ನಡಕ ತೆಗೆದು ಒರೆಸಿಕೊಂಡರು. "ಏನೋ ಅಂದರೆ ಒಳ್ಳೇದೋ ಕೆಟ್ಟದ್ದೋ? ನನಗೆ ಹೇಗೆ ತಿಳೀಬೇಕು ಹೇಳಿ."

ಆಗ ಅವ್ವ ನೆನಪಾದಳು.

ಅವ್ವ ಕೊನೇ ವರ್ಷಗಳಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು, ಆದರೂ ಹುಳದ ಮನೆ ಬಿಟ್ಟವಳಲ್ಲ. ನಾನು ಹೋದಾಗಲೆಲ್ಲ "ಕಣ್ಣು ಹೆಂಗೈತವ್ವ?" ಅಂತ ಕೇಳ್ತಿದ್ದೆ. "ಏನೋ ಕಾಣ್ತದೆ ಕಣ್ ಮಗ" ಅನ್ನೋಳು. ನಾವೆಲ್ಲ ಅವಳ ಮಾತು ಬಲ್ಲವರಲ್ಲವಾ! ಏನೋ ಅಂದರೆ ಚೆನ್ನಾಗೈತೆ ಅಂತಲೇ ಅರ್ಥ ಅಂತ ನಕ್ಕು ಸುಮ್ಮನಾಗ್ತಿದ್ದೆವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅವ್ವ ಒಬ್ಬಳೇ ಹುಳದ ಮನೆಯಲ್ಲಿ ಸೊಪ್ಪು ಹಾಕ್ತಿದ್ದಳು. ಎಲೆ ಎಲೆಯನ್ನೂ ಬಿಡಿಸಿ, ತಟ್ಟೆಯ ಅಂಚಿನ ತನಕ ಅಂದವಾಗಿ ಹರವಿ. ತಟ್ಟೆಯಲ್ಲಿ ಒಂದು ಹುಳವೂ ಇರಲಿಲ್ಲ. ಹಿಂದಿನ ದಿನವೇ ಎಲ್ಲ ಹಣ್ಣಾಗಿ ಚಂದ್ರಿಕೆಗೆ ಹೋಗಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ, ಬೆಳಕು ನನ್ನ ಬೆನ್ನಿಗಿತ್ತು. ಅವ್ವ ನನ್ನ ಕಡೆ ಮುಖ ಮಾಡಿ "ಯಾರವ್ವ?" ಅಂದಳು. ಅವಳಿಗೆ ಕಾಣ್ತಿರಲಿಲ್ಲ. ಎಷ್ಟು ದಿನದಿಂದಲೋ ಏನೋ ಕಾಣ್ತಿರಲಿಲ್ಲ. ಒಂದೇ ಒಂದು ಆಪರೇಷನ್ನಿನಲ್ಲಿ ಹೋಗೋ ಪೊರೆ. ಈ ತಿಂಗಳು, ಮುಂದಿನ ತಿಂಗಳು ಅನ್ನೋದರಲ್ಲೇ ಅವಳಿಗೆ ಜ್ವರ ಹತ್ತಿ, ನಮ್ಮ ಯಾರ ಮುಖವನ್ನೂ ನೋಡದೆ ಹೋಗಿಬಿಟ್ಟಳು. ಚೆನ್ನಾಗಿದ್ದಾಗ ಆಡಿದ ಮಾತನ್ನೇ ಕುರುಡಿಯಾದಾಗಲೂ ಆಡಿದ್ದಳು. ನಮಗೆ ಹೆಂಗೆ ತಿಳೀಬೇಕಿತ್ತು?

"ಅಮ್ಮ?" ಅಂದರು ಡಾಕ್ಟರು.

ಮೇಡಂ ಕೈಯನ್ನ ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಆಮೇಲೆ ನೋಡಿದರೆ ನನ್ನ ಉಗುರಿನ ಗುರುತಿತ್ತು.

"ಚೆನ್ನಾಗಿ ಕಾಣ್ತದೆ" ಅಂದೆ.

"ಏನು?"

"ಬಲಗಣ್ಣು ಚೆನ್ನಾಗಿ ಕಾಣ್ತದೆ. ದೂರದ್ದೂ ಕಾಣ್ತದೆ, ಹತ್ತಿರದ್ದೂ ಕಾಣ್ತದೆ. ಬಳೆ ಗಿಳೆ ಏನೂ ಇಲ್ಲ. ಹುಳದ ಬಾಯಿ ಕಾಣ್ತದೆ ಡಾಕ್ಟ್ರೇ!" ಅಂತ ಅಳೋಕೆ ಶುರು ಮಾಡಿದೆ. "ಬೋರ್ಡು ತರಿಸಿ, ಓದ್ತೀನಿ."

ಬೋರ್ಡಿನ ಮುಂದೆ ಕೂರಿಸಿದರು. ಓದಿದೆ. ಕೊನೇ ಸಾಲಿಗೆ ಬಂದಾಗ ದನಿ ಹೋಯ್ತು. ಆದರೂ ಒಂದಕ್ಷರವನ್ನೂ ಬಿಡದೆ ಓದಿದೆ. ಡಾಕ್ಟರು ಬೋರ್ಡು ನೋಡಿದರು, ನನ್ನ ನೋಡಿದರು. ಬೈತಾರೆ ಅಂದುಕೊಂಡೆ. ಮತ್ಯಾಕಮ್ಮ ಇಷ್ಟು ದಿನ, ಅಂತ ಶುರು ಮಾಡಿ ಅವರೇ ನಿಲ್ಲಿಸಿಬಿಟ್ಟರು.

"ಇನ್ನೊಂದು ಐತೆ" ಅಂದೆ. "ಎಡಗಣ್ಣು ಕಾಣೋಲ್ಲ."

"ಮಸುಕಾ?"

"ಮಸುಕಲ್ಲ, ಕಾಣೋಲ್ಲ. ಈಗ ಬಲಗಣ್ಣು ಮುಚ್ಚಿದ್ರೆ ನೀವು ನಂಗೆ ಕಾಣೋಲ್ಲ."

ಡಾಕ್ಟರು ಲೈಟು ತಗೊಂಡು ನನ್ನ ಎಡಗಣ್ಣಿಗೆ ಬಗ್ಗಿದರು. ತುಂಬ ಹೊತ್ತು ನೋಡಿದರು. ಎಡಗಣ್ಣು ಇದೆಯಲ್ಲ ಅಂತ ಅಂದದ್ದು ಅವರಿಗೂ ನೆನಪಾಗಿರಬೇಕು, ಹಣೆ ಒರೆಸಿಕೊಂಡರು. ಇವತ್ತು ಯಾವ ಆಪರೇಷನ್ನೂ ಇಲ್ಲ, ಗೌನು ಬಿಚ್ಚಿಸಿ, ಮುಂದಿನ ವಾರ ಎಡಗಣ್ಣಿಗೆ ಕರೀರಿ ಅಂತ ನರ್ಸಿಗೆ ಹೇಳಿದರು. ಮೇಡಂ ಪ್ರಶ್ನೆಗಳನ್ನ ಮೊದಲಿಂದ ಮತ್ತೆ ಕೇಳಿದಳು. ಒಂದೊಂದಕ್ಕೂ ಇದ್ದದ್ದು ಇದ್ದಂಗೆ ಹೇಳಿದೆ. ಜ್ವರ ಬಂದವಳಂಗೆ ಬೆವರಿದೆ.

ಹೊರಗೆ ಬೆಂಚಿನ ಮೇಲೆ ನಮ್ಮನೆಯವರು ಕೂತಿದ್ದರು. ನನ್ನನ್ನ ಸೀರೆಯಲ್ಲೇ ನೋಡಿ ಎದ್ದು ನಿಂತರು.

"ಏನಾಯ್ತು? ಮಾಡ್ಲಿಲ್ವಾ?"

"ಇಲ್ಲ. ಬಲಗಣ್ಣು ಚೆನ್ನಾಗಿ ಕಾಣ್ತದೆ ಅಂತ ಹೇಳ್ದೆ. ಎಡಗಣ್ಣು ಕಾಣಲ್ಲ ಅಂತ ಹೇಳ್ದೆ."

"ಕಾಣಲ್ವಾ? ಯಾವಾಗಿಂದ?"

"ಬೋ ದಿನ ಆಯ್ತು."

ಅವರು ಮತ್ತೆ ಕೂತುಬಿಟ್ಟರು. ಯಾವಾಗಲೂ ಏನಾದರೊಂದು ಕುಟುಕೋ ಮನುಷ್ಯ, ಅವತ್ತು ನನ್ನ ಮುಖ ನೋಡಲಿಲ್ಲ. "ನಿಮ್ಮವ್ವನಂಗೇ ಮಾಡ್ಬುಡ್ತಿದ್ಯಲ್ಲೇ" ಅಂದರು. ಅಷ್ಟೇ ಅಂದದ್ದು. ಊರಿಗೆ ಬರೋ ತನಕ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ, ನಾನು ಕಿಟಕಿಯಲ್ಲಿ ಬಂಡೆ ಬೆಟ್ಟ, ಅಂಗಡಿ ಬೋರ್ಡು, ತಂತಿ ಮೇಲೆ ಕೂತ ಹಕ್ಕಿ ಎಲ್ಲವನ್ನೂ ಇನ್ನೂ ಕಾಣ್ತವಾ ಅಂತ ಪರೀಕ್ಷೆ ಮಾಡ್ತಾ ಬಂದೆ.

ಮಾರನೇ ಬೆಳಿಗ್ಗೆ ಎಚ್ಚರವಾಯ್ತು, ಕಣ್ಣು ಬಿಡಲಿಲ್ಲ. ಬಿಟ್ಟರೆ ಏನು ಕಾದೈತೋ. ಹುಳದ ಮನೆಯಲ್ಲಿ ಸದ್ದಿಲ್ಲದ ಆ ಬೆಳಿಗ್ಗೆಯೇ ತಲೆಯಲ್ಲಿ ತಿರುಗ್ತಿತ್ತು. ಹಂಗೇ ಮಲಗಿದ್ದೆ. ಪಕ್ಕದಲ್ಲಿ ಯಾರೋ ಉಸಿರು ಬಿಗಿ ಹಿಡಿದು ನಿಂತಂಗಾಯ್ತು.

"ಎದ್ದಿದ್ದೀಯಾ? ಕಣ್ ಬುಡು. ಹೆಂಗೈತೆ ಹೇಳು."

ಎಡಗಣ್ಣಿನ ಮೇಲೆ ಕೈ ಮುಚ್ಚಿಕೊಂಡು ಬಲಗಣ್ಣು ಬಿಟ್ಟೆ. ನಮ್ಮನೆಯವರ ಮುಖ. ಕೂಳೆ ಗಡ್ಡ, ಒಣಗಿದ ತುಟಿ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಕಿವಿಯಲ್ಲಿ ಇನ್ನೊಂದು ಬಿಳೀ ಕೂದಲು. ಇಡೀ ರಾತ್ರಿ ಹೆದರಿದ್ದವಳು ನಾನೊಬ್ಬಳೇ ಅಲ್ಲ ಅಂತ ಆಗ ಕಾಣ್ತು.

"ಏನೋ ಅನ್ಬೇಡ" ಅಂದರು.

"ಅನ್ನಲ್ಲ" ಅಂದೆ. "ಚೆನ್ನಾಗಿ ಕಾಣ್ತೀರಿ."